ಆ ಒಂದು ಪದವನ್ನು ಯಾಕೆ ಬಿಡ್ತೀರಿ?

ನಿನ್ನೆ ರಾತ್ರಿ ಊಟ ಮುಗಿಸಿ ಕೂತಿದ್ದೆ. ಅಕ್ಕನ ಮಗ ಫೋನ್ ಹಿಡಿದು ಓಡಿ ಬಂದ. "ಮಾವ, ಇಲ್ನೋಡಿ, ಇನ್ನು ನಮ್ಮನ್ನ ಹಿಡಿಯೋರೇ ಇಲ್ಲ!" ಅಂದ. ಎರಡು ನಿಮಿಷದ ವಿಡಿಯೊ. ನೆಲದೊಳಗೆ ಇಷ್ಟು ಲಕ್ಷ ಟನ್ ಖನಿಜ ಸಿಕ್ಕಿದೆಯಂತೆ. ದೇಶದ ಸಾಲವೆಲ್ಲ ತೀರುತ್ತದಂತೆ. ಆಮದು ನಿಂತೇ ಹೋಗುತ್ತದಂತೆ. ಎಷ್ಟು ಬೋರ್‌ಹೋಲ್ ಹೊಡೆದರು, ಎಷ್ಟೆಷ್ಟು ದೂರಕ್ಕೆ ಹೊಡೆದರು, ಸಮೀಕ್ಷೆ ಯಾವ ಹಂತದಲ್ಲಿದೆ, ಇದ್ಯಾವುದೂ ಅದರಲ್ಲಿಲ್ಲ. "ಅಂದಾಜು" ಅನ್ನುವ ಪದ ಒಂದು ಸಲವೂ ಬರಲಿಲ್ಲ.

ನನಗೆ ತುಂಬಾ ಸಿಟ್ಟು ಬಂತು. ಹುಡುಗನ ಮೇಲಲ್ಲ, ಪಾಪ, ಅವನು ಖುಷಿಯಲ್ಲಿದ್ದ. ಸಿಟ್ಟು ಬಂದಿದ್ದು ಆ ಒಂದು ಪದವನ್ನು ಕಿತ್ತು ಹಾಕಿದವರ ಮೇಲೆ. ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ. ನಿಮಗೆಲ್ಲ ಗೊತ್ತು, ನನ್ನ ಅರ್ಧ ಆಯಸ್ಸು ನೆಲ ಕೊರೆದು ತೆಗೆದ ಕಲ್ಲಿನ ಮಾದರಿ ತುಂಬಿದ ಕೋರ್ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತೇ ಕಳೆದಿದೆ. ಇದನ್ನು ನೋಡಿ ಸುಮ್ನೆ ಇರೋಕೆ ನನ್ನಿಂದ ಆಗುವುದಿಲ್ಲ.

ಡ್ರಿಲ್ ಇಳಿಸಿದರೆ ಮೇಲೆ ಬರುವುದು ಮಣಿಕಟ್ಟಿನಷ್ಟು ದಪ್ಪದ ಕಲ್ಲಿನ ಕಂಬಿ. ಅದೇ ಕೋರ್. ನಾವು ಕಣ್ಣಾರೆ ಕಂಡಿದ್ದು, ಕೈಯಾರೆ ಮುಟ್ಟಿದ್ದು ಅಷ್ಟೇ. ಇನ್ನೂರು ಮೀಟರ್ ಆಚೆ ಇನ್ನೊಂದು ಬೋರ್‌ಹೋಲ್ ಇದ್ದರೆ, ನಡುವಿನ ಇನ್ನೂರು ಮೀಟರನ್ನು ಯಾರೂ ಕಂಡಿಲ್ಲ. ಎರಡೂ ಕಡೆ ಅದಿರು ಸಿಕ್ಕಿದೆ, ನಡುವೆಯೂ ಇರಬಹುದು ಎಂದು ಗೆರೆ ಎಳೆಯುತ್ತೇವೆ. ನಡುವೆ ಪದರ ಮುರಿದಿರಬಹುದು, ತೆಳುವಾಗಿರಬಹುದು, ಇಲ್ಲದೆಯೂ ಇರಬಹುದು. ಹಾಗಾಗಿಯೇ ನಮ್ಮ ಕೆಲಸದಲ್ಲಿ ಪ್ರತಿ ಅಂಕಿಗೂ ಬಾಲದಂತೆ ಒಂದು ಪದ ಇರುತ್ತದೆ. ಬೋರ್‌ಹೋಲ್ ದೂರದೂರ ಇದ್ದರೆ ಇನ್ಫರ್ಡ್, ಅಂದರೆ ಊಹಿಸಿದ್ದು. ಇನ್ನಷ್ಟು ಹತ್ತಿರ ಹೊಡೆದರೆ ಇಂಡಿಕೇಟೆಡ್, ಅಂದರೆ ಸೂಚನೆ ಸಿಕ್ಕಿದ್ದು. ಒತ್ತೊತ್ತಾಗಿ ಹೊಡೆದು ಖಾತ್ರಿಯಾದರೆ ಮೆಷರ್ಡ್, ಅಂದರೆ ಅಳೆದದ್ದು. ನಮ್ಮ ದೇಶದ ವರದಿಗಳಲ್ಲಿ ಇದೇ ಏಣಿಯನ್ನು ಜಿ4ರಿಂದ ಜಿ1ರವರೆಗೆ ಬರೆಯುತ್ತಾರೆ. ಜಿ4 ಅಂದರೆ ಮೇಲ್ನೋಟದ ಹುಡುಕಾಟ, ಜಿ1 ಅಂದರೆ ವಿವರವಾದ ಅನ್ವೇಷಣೆ. ಇಷ್ಟೆಲ್ಲ ಆದರೂ ಅದು ಇನ್ನೂ ರಿಸೋರ್ಸ್ ಮಾತ್ರ. ತೆಗೆಯುವ ತಂತ್ರ ಇದೆ, ತೆಗೆದರೆ ಗಿಟ್ಟುತ್ತದೆ, ತೆಗೆಯಲು ಅನುಮತಿ ಸಿಗುತ್ತದೆ ಅಂತ ಗೊತ್ತಾದ ಭಾಗಕ್ಕಷ್ಟೇ ರಿಸರ್ವ್ ಅನ್ನುವುದು. ಸುದ್ದಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು, "ನಿಧಿ ಪತ್ತೆ".

2020ರ ಫೆಬ್ರವರಿ ನೆನಪಿದೆಯಾ? ಉತ್ತರ ಪ್ರದೇಶದ ಸೋನ್‌ಭದ್ರದಲ್ಲಿ 3,000 ಟನ್‌ಗೂ ಜಾಸ್ತಿ ಚಿನ್ನ ಅಂತ ದೇಶವೆಲ್ಲ ಕುಣಿಯಿತು. ನನಗೇ ಎಷ್ಟು ಜನ ಫೋನ್ ಮಾಡಿದ್ದರು! ಆಮೇಲೆ ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯೇ, ಅಂದರೆ ಜಿಎಸ್‌ಐಯೇ, ಆ ಅಂಕಿ ನಮ್ಮದಲ್ಲ ಅಂತ ಪ್ರಕಟಣೆ ಕೊಡಬೇಕಾಯಿತು. ಅವರ ಲೆಕ್ಕದಲ್ಲಿದ್ದಿದ್ದು 52,806.25 ಟನ್ ಅದಿರು. ಟನ್ನಿಗೆ ಸರಾಸರಿ 3.03 ಗ್ರಾಂ ಚಿನ್ನ. ಗುಣಿಸಿ ನೋಡಿ, ಸುಮಾರು 160 ಕಿಲೋ ಬರುತ್ತದೆ. ಸುದ್ದಿಯಲ್ಲಿ ಬಂದಿದ್ದು ಅದರ ಇಪ್ಪತ್ತು ಸಾವಿರ ಪಟ್ಟು! ಫೋನ್ ಮಾಡಿದವರಲ್ಲಿ ಒಬ್ಬರೂ 160 ಕಿಲೋ ವಿಷಯ ಕೇಳಲು ಮತ್ತೆ ಫೋನ್ ಮಾಡಲಿಲ್ಲ.

2023ರ ಫೆಬ್ರವರಿಯಲ್ಲಿ ಜಮ್ಮು ಕಾಶ್ಮೀರದ ರಿಯಾಸಿಯ ಲಿಥಿಯಂ ಸುದ್ದಿ ಬಂತು. 59 ಲಕ್ಷ ಟನ್. ಸರ್ಕಾರದ ಪ್ರಕಟಣೆಯಲ್ಲೇ ಇನ್ಫರ್ಡ್, ಜಿ3 ಅಂತ ಸ್ಪಷ್ಟವಾಗಿ ಬರೆದಿತ್ತು. ಸಮೀಕ್ಷೆಯವರು ತಪ್ಪು ಮಾಡಿರಲಿಲ್ಲ. ಎರಡು ಅಕ್ಷರದ ಆ ಜಿ3 ಸುದ್ದಿಮನೆಗೆ ಹೋಗುವ ದಾರಿಯಲ್ಲಿ ಬಿದ್ದುಹೋಯಿತು. ಮುಂದೆ ಆ ಬ್ಲಾಕನ್ನು ಹರಾಜಿಗೆ ಇಟ್ಟಾಗ ಸಾಕಷ್ಟು ಜನ ಬಿಡ್ ಮಾಡಲಿಲ್ಲ. ಆಗ ಅದೇ ಬಾಯಿಗಳು "ಸಮೀಕ್ಷೆಯವರು ಸುಳ್ಳು ಹೇಳಿದರು" ಅಂದವು. ಇದು ನನಗೆ ತುಂಬಾ ನೋವು ಕೊಡುತ್ತದೆ. ಬಿಸಿಲಲ್ಲಿ ಗುಡ್ಡ ಹತ್ತಿ, ಕಲ್ಲು ಹೊತ್ತು, ತಿಂಗಳುಗಟ್ಟಲೆ ಟೆಂಟಲ್ಲಿ ಮಲಗಿ ಎಚ್ಚರಿಕೆಯಿಂದ ಒಂದು ಪದ ಬರೆದವರು ಅವರು. ಆ ಪದವನ್ನು ಅಳಿಸಿದವರು ಬೇರೆ. ಬೈಗುಳ ಮಾತ್ರ ಬರೆದವರಿಗೆ.

ತೈಲದ ಕಥೆಯೂ ಇದೇ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ, ಯುಎಸ್‌ಜಿಎಸ್, ಇನ್ನೂ ಸಿಗದ ತೈಲದ ಅಂದಾಜು ಮಾಡುವಾಗ ಒಂದೇ ಅಂಕಿ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಇಷ್ಟಾದರೂ ಇರುವ ಸಾಧ್ಯತೆ ನೂರಕ್ಕೆ 95. ಇಷ್ಟು ಇರುವ ಸಾಧ್ಯತೆ 50. ಇಷ್ಟು ಇರುವ ಸಾಧ್ಯತೆ ಬರೀ 5. ಮೂರನ್ನೂ ಪಕ್ಕಪಕ್ಕದಲ್ಲೇ ಇಟ್ಟು, ಜೊತೆಗೆ ಸರಾಸರಿ ಕೊಡುತ್ತಾರೆ. ಗೊತ್ತಿರುವುದೆಷ್ಟು, ಗೊತ್ತಿಲ್ಲದಿರುವುದೆಷ್ಟು ಅಂತ ಇಷ್ಟು ಪ್ರಾಮಾಣಿಕವಾಗಿ ಹೇಳುವ ಬರವಣಿಗೆ ನಾನು ಬೇರೆಲ್ಲೂ ಓದಿಲ್ಲ. ಆದರೆ ಹೆಡ್‌ಲೈನಿನಲ್ಲಿ ಒಂದೇ ಅಂಕಿಗೆ ಜಾಗ.

ಎಲ್ಲರೂ ಹಾಗೆ ಎಚ್ಚರ ವಹಿಸುತ್ತಾರೆ ಅಂತಲೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಶೇಲ್ ಅಂತ ಒಂದು ಬಂಡೆಪದರ ಇದೆ. ಅದರಿಂದ 1,370 ಕೋಟಿ ಬ್ಯಾರೆಲ್ ತೈಲ ತೆಗೆಯಬಹುದು ಅಂತ ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆಯ ಅಂದಾಜಿತ್ತು. 2014ರಲ್ಲಿ ಅದನ್ನು 60 ಕೋಟಿಗೆ ಇಳಿಸಿದರು. ಶೇಕಡ 96ರಷ್ಟು ಹೋಯಿತು. ತೈಲ ಆವಿಯಾಗಲಿಲ್ಲ, ಅಲ್ವಾ? ಬೇರೆ ಕಡೆಯ ಎಷ್ಟೋ ಶೇಲ್ ಪದರಗಳು ಚಾಪೆ ಹಾಸಿದಂತೆ ಮಟ್ಟಸವಾಗಿವೆ. ಇಲ್ಲಿನ ಪದರ ಭೂಚಲನೆಯಿಂದ ಮಡಚಿ, ಮುರಿದು ಹೋಗಿದೆ. ಒಂದು ಕಡೆ ಬಾವಿ ಚೆನ್ನಾಗಿ ಹರಿದರೆ ಎಲ್ಲ ಕಡೆಯೂ ಹಾಗೇ ಹರಿಯುತ್ತದೆ ಅನ್ನುವ ಊಹೆ ಅಲ್ಲಿ ನಿಲ್ಲಲಿಲ್ಲ.

ಒಬ್ಬ ಗೆಳೆಯ ಹಿಂದೊಮ್ಮೆ ಇದಕ್ಕೆ ಹೇಳಿದ್ದ: "ಇಷ್ಟೆಲ್ಲ ಷರತ್ತು ಹಾಕಿದರೆ ಯಾರು ಓದ್ತಾರೆ? ಜನಕ್ಕೆ ಸ್ವಲ್ಪ ಆಸೆ ಹುಟ್ಟಿದರೆ ಸಮೀಕ್ಷೆಗೂ ದುಡ್ಡು ಬರುತ್ತೆ, ಬಿಡು." ಅವನ ಮಾತಲ್ಲಿ ಒಂದಿಷ್ಟು ನಿಜ ಇದೆ. ಆಸೆ ಇಲ್ಲದೆ ಯಾರೂ ನೆಲ ಕೊರೆಯುವುದಿಲ್ಲ. ಆದರೆ ನಾನು ಒಪ್ಪುವುದಿಲ್ಲ. ಬುಸಾಂಗ್ ನೋಡಿ. ಇಂಡೋನೇಷ್ಯಾದ ಕಾಡಿನಲ್ಲಿ ಚಿನ್ನ ಇದೆ ಅಂತ ಕೆನಡಾದ ಬ್ರೆ-ಎಕ್ಸ್ ಕಂಪನಿ ಹೇಳಿತು. ಕೋರನ್ನು ಉದ್ದಕ್ಕೆ ಸೀಳಿ ಒಂದು ಅರ್ಧ ಪರೀಕ್ಷೆಗೆ ಕಳಿಸುವುದು, ಇನ್ನೊಂದು ಅರ್ಧ ಇಟ್ಟುಕೊಳ್ಳುವುದು ಪದ್ಧತಿ. ಬೇರೆಯವರು ಬಂದು ಮತ್ತೆ ಪರೀಕ್ಷೆ ಮಾಡಲಿ ಅಂತ. ಅಲ್ಲಿ ಇಡೀ ಕೋರನ್ನೇ ಪುಡಿ ಮಾಡುತ್ತಿದ್ದರು. 1997ರಲ್ಲಿ ಗೊತ್ತಾಯಿತು, ಸ್ಯಾಂಪಲ್‌ಗಳಿಗೆ ಹೊರಗಿನಿಂದ ಚಿನ್ನದ ಪುಡಿ ಬೆರೆಸಿದ್ದರು. ಎಷ್ಟೋ ಜನರ ಜೀವಮಾನದ ಉಳಿತಾಯ ಮುಳುಗಿತು. ಆಮೇಲೆ 2001ರಲ್ಲಿ ಕೆನಡಾ ಕಟ್ಟುನಿಟ್ಟಿನ ನಿಯಮ ತಂದಿತು. ಇನ್ಫರ್ಡ್ ಅನ್ನು ಮೆಷರ್ಡ್ ಜೊತೆ ಕೂಡಿಸಿ ಒಂದೇ ದೊಡ್ಡ ಅಂಕಿ ಹೇಳುವಂತಿಲ್ಲ. ವರದಿಗೆ ಅರ್ಹ ತಜ್ಞರೊಬ್ಬರು ಹೆಸರು ಹಾಕಿ ಹೊಣೆ ಹೊರಬೇಕು. ಹೀಗೆ ಪೆಟ್ಟು ತಿಂದು ಕಲಿತ ಪಾಠ ಆ ಸಣ್ಣ ಪದಗಳಲ್ಲಿದೆ. ಅವನ್ನು ಬೋರಿಂಗ್ ಅಂತ ಕಿತ್ತು ಹಾಕಬೇಡಿ.

ಇಷ್ಟು ಸಿಟ್ಟು ಯಾಕೆ ಅಂತ ನಿಮಗೆ ಅನ್ನಿಸಬಹುದು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಆ ಪದವನ್ನು ಒಮ್ಮೆ ನಾನೇ ಬಿಟ್ಟಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದು. ಅಂತರ್ಜಲ ಸಮೀಕ್ಷೆ. ನೆಲಕ್ಕೆ ನಾಲ್ಕು ಕಂಬಿ ನೆಟ್ಟು, ಕರೆಂಟ್ ಹರಿಸಿ, ಒಳಗಿನ ಪದರ ಎಷ್ಟು ತಡೆ ಒಡ್ಡುತ್ತದೆ ಅಂತ ಅಳೆಯುವ ವಿಧಾನ. ಒಣ ಗಟ್ಟಿ ಬಂಡೆಯಲ್ಲಿ ತಡೆ ಜಾಸ್ತಿ. ನೀರು ತುಂಬಿದ ಸಡಿಲ ಪದರದಲ್ಲಿ ಕಡಿಮೆ. ಆದರೆ ಜೇಡಿಮಣ್ಣಿನಲ್ಲೂ ಕಡಿಮೆ, ಉಪ್ಪುನೀರಿನಲ್ಲೂ ಕಡಿಮೆ. ಮೀಟರ್ ಮುಳ್ಳಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಹೊಲದಲ್ಲಿ ತಡೆ ಚೆನ್ನಾಗಿ ಇಳಿದಿತ್ತು. ವರದಿಯಲ್ಲಿ ಸರಿಯಾಗಿಯೇ ಬರೆದೆ, "ನೀರು ಇರಬಹುದು, ಜೇಡಿಪದರವೂ ಆಗಿರಬಹುದು." ಹೊರಡುವಾಗ ಆ ಮನೆಯ ಯಜಮಾನರು ಹತ್ತಿರ ಬಂದು ಕೇಳಿದರು, "ಸ್ವಾಮಿ, ನೀರಿದೆಯಾ?" ಅವರ ಮುಖ ನೋಡಿದೆ. "ಇದೆ, ಹೊಡೆಸಿ" ಅಂದುಬಿಟ್ಟೆ.

ಅವರು ವರದಿ ಓದಲಿಲ್ಲ. ನನ್ನ ಮಾತು ನಂಬಿದರು. ಸಾಲ ಮಾಡಿ ಕೊರೆಸಿದರು. ಮೊದಲು ಜೇಡಿ ಬಂತು. ಜೇಡಿಯೊಳಗೆ ನೀರು ಇರುತ್ತದೆ, ಆದರೆ ಅದು ಬಿಟ್ಟುಕೊಡುವುದಿಲ್ಲ. ಕೆಳಗೆ ಬಿರುಕೇ ಇಲ್ಲದ ಬಂಡೆ. ಗಂಟೆಗಟ್ಟಲೆ ಬರೀ ಬಿಳಿ ಧೂಳು ಹಾರಿತು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವರದಿಯ ಪ್ರತಿ ಇವತ್ತಿಗೂ ನನ್ನ ಬೀರುವಿನಲ್ಲಿದೆ. ನನ್ನದೇ ಅಕ್ಷರದಲ್ಲಿ "ಇರಬಹುದು" ಅಂತಿದೆ.

ಇವತ್ತು ಬೆಳಿಗ್ಗೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ವಿಡಿಯೊದ ಮೂಲ ಪ್ರಕಟಣೆ ಹುಡುಕಿದೆ. ಎರಡೇ ಪುಟ. ಮೊದಲ ಪ್ಯಾರಾದಲ್ಲೇ ಇನ್ಫರ್ಡ್ ಅಂತ ಇತ್ತು. ಅವನು ಅದನ್ನು ಎರಡು ಸಲ ಓದಿದ. "ಹಾಗಾದ್ರೆ ಅಲ್ಲಿ ಇದೆಯೋ ಇಲ್ವೋ, ಮಾವ?" ಅಂತ ಕೇಳಿದ. "ಇರಬಹುದು ಕಣೋ. ಇನ್ನೂ ಹತ್ತಿರ ಹತ್ತಿರ ಬೋರ್‌ಹೋಲ್ ಹೊಡೀಬೇಕು" ಅಂದೆ. ಅವನು ಆ ಪ್ರಕಟಣೆಯನ್ನು ತನ್ನ ಗ್ರೂಪಿಗೂ ಹಾಕಿದ.

ನನ್ನ ಪಟ್ಟಿಯಲ್ಲೇ ಮೂವರು ಗೆಳೆಯರು ಆ ವಿಡಿಯೊ ಹಂಚಿಕೊಂಡಿದ್ದೀರಿ. ಪ್ರಕಟಣೆ ನಿಮಗೂ ಕಳಿಸಿದ್ದೇನೆ. ವಿಡಿಯೊ ತೆಗೆಯಿರಿ ಅಂತ ಕೇಳುತ್ತಿಲ್ಲ. ಅದರ ಕೆಳಗೆ ಆ ಮೊದಲ ಪ್ಯಾರಾವನ್ನು ಪೂರ್ತಿಯಾಗಿ ಹಾಕಿ, ಅಷ್ಟೇ.