ಸಾಂಟಿ ಕಜೋರ್ಲಾ: ಗಾಯದ ಕತೆ ಸಾಕು, ಆಟದ ಮಾತಾಡೋಣ

ಸ್ಪೇನಿನ ಮಿಡ್‌ಫೀಲ್ಡರ್ ಸಾಂಟಿ ಕಜೋರ್ಲಾ ಅವರ ಹೆಸರು ಬಂದಾಗಲೆಲ್ಲ ಫುಟ್‌ಬಾಲ್ ಪ್ರಿಯರ ನಡುವೆ ಒಂದೇ ಫೋಟೊ ಹರಿದಾಡುತ್ತದೆ. ಮುಂಗೈಯ ಚರ್ಮವನ್ನು ತೆಗೆದು ಬಲಗಾಲಿನ ಹಿಮ್ಮಡಿಗೆ ಕಸಿ ಮಾಡಿದ್ದರಿಂದ, ಮಗಳ ಹೆಸರಿನ ಹಚ್ಚೆಯ ಒಂದು ತುಂಡು ಕೈಯಲ್ಲಿ ಉಳಿದು ಇನ್ನೊಂದು ತುಂಡು ಕಾಲಿಗೆ ಸೇರಿದ ಫೋಟೊ ಅದು. ನೋಡಿದವರ ಕರುಳು ಚುರ್ ಎನ್ನುವುದು ಸಹಜ. ಆದರೆ ಆ ಫೋಟೊದ ಕೆಳಗೆ ಬರುವ ನೂರಾರು ಮಾತುಗಳಲ್ಲಿ ಅವರ ಆಟದ ಪ್ರಸ್ತಾಪವೇ ಇರುವುದಿಲ್ಲ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ನಾವು ಅವರನ್ನು ನೋವು ಗೆದ್ದ ಮನುಷ್ಯನನ್ನಾಗಿ ಮಾತ್ರ ನೆನೆಯುತ್ತಿದ್ದೇವೆ. ಅವರು ಅದಕ್ಕಿಂತ ಮೊದಲೂ, ಆಮೇಲೂ, ತಮ್ಮ ಪೀಳಿಗೆಯ ಅತ್ಯಂತ ಸೊಗಸಾದ ಆಟಗಾರರಲ್ಲಿ ಒಬ್ಬರು.

ಅವರ ಎತ್ತರ 168 ಸೆಂಟಿಮೀಟರ್. ದೈಹಿಕ ಬಲದಿಂದ ಯಾರನ್ನೂ ಸರಿಸಿ ಮುಂದೆ ಹೋಗುವ ಮೈಕಟ್ಟಲ್ಲ. ಅವರ ಆಸ್ತಿ ಎರಡು ಕಾಲುಗಳು, ಎರಡೂ ಒಂದೇ ಸಮ. ಎಡ ಮೂಲೆಯ ಕಾರ್ನರ್ ಆಗಲಿ ಬಲ ಮೂಲೆಯದಾಗಲಿ, ಯಾವ ಕಾಲಿನಿಂದ ಬೇಕಾದರೂ ಹೊಡೆಯುತ್ತಿದ್ದರು. ಇದು ಬರೀ ಚಮತ್ಕಾರವಲ್ಲ. ಮೈದಾನದ ನಡುವೆ ಚೆಂಡು ಪಡೆದ ಆಟಗಾರನ ಮೇಲೆ ಎದುರಾಳಿ ಎರಗುವಾಗ, ಈತನ ಬಲವಾದ ಕಾಲು ಯಾವುದು ಎಂದು ತಿಳಿದು ಆ ಕಡೆಯ ದಾರಿಯನ್ನು ಮೊದಲು ಮುಚ್ಚುತ್ತಾನೆ. ಕಜೋರ್ಲಾ ಅವರ ವಿಷಯದಲ್ಲಿ ಮುಚ್ಚಬೇಕಾದ ಕಡೆ ಯಾವುದೆಂದೇ ಗೊತ್ತಾಗುವುದಿಲ್ಲ. ಎದುರಾಳಿ ತಡವರಿಸುವ ಆ ಅರ್ಧ ಕ್ಷಣದಲ್ಲಿ ಅವರು ಸೊಂಟ ತಿರುಗಿಸಿ, ಚೆಂಡನ್ನು ಇನ್ನೊಂದು ಕಾಲಿಗೆ ದಾಟಿಸಿ, ತಲೆ ಎತ್ತಿ ಪಾಸ್ ಕೊಟ್ಟಿರುತ್ತಿದ್ದರು.

1984ರ ಡಿಸೆಂಬರ್‌ನಲ್ಲಿ ಆಸ್ಟುರಿಯಸ್ ಪ್ರಾಂತ್ಯದ ಯಾನೆರಾದಲ್ಲಿ ಹುಟ್ಟಿದ ಅವರು ಆಟ ಕಲಿತದ್ದು ಪಕ್ಕದ ರಿಯಲ್ ಒವಿಯೆಡೊ ಕ್ಲಬ್ಬಿನಲ್ಲಿ. 2003ರಲ್ಲಿ ಆ ಕ್ಲಬ್ ಎರಡನೇ ವಿಭಾಗದಿಂದ ಕೆಳಗಿಳಿದದ್ದಷ್ಟೇ ಅಲ್ಲ, ಆಟಗಾರರ ಸಂಬಳ ಬಾಕಿ ಉಳಿಸಿಕೊಂಡದ್ದಕ್ಕಾಗಿ ಇನ್ನೂ ಒಂದು ಹಂತ ಕೆಳಕ್ಕೆ ತಳ್ಳಲ್ಪಟ್ಟಿತು. ಹದಿನೆಂಟರ ಹುಡುಗ ಅದರ ಮುಖ್ಯ ತಂಡದಲ್ಲಿ ಒಂದೂ ಪಂದ್ಯ ಆಡದೆ ವಿಯಾರಿಯಲ್ ಕ್ಲಬ್ ಸೇರಿದರು. ನಡುವೆ ಒಂದು ವರ್ಷ ರಿಕ್ರಿಯೆಟಿವೊ ಕ್ಲಬ್, ಮತ್ತೆ ವಿಯಾರಿಯಲ್, 2008 ಮತ್ತು 2012ರ ಯುರೋ ಕಪ್ ಗೆದ್ದ ಸ್ಪೇನ್ ತಂಡಗಳಲ್ಲಿ ಸ್ಥಾನ, ಮಲಗಾ ಕ್ಲಬ್ಬಿನಲ್ಲಿ ಒಂದು ವರ್ಷ. 2010ರ ವಿಶ್ವಕಪ್ ಗಾಯದಿಂದಾಗಿ ಕೈತಪ್ಪಿತು. ಅವರ ಕಾಲದಲ್ಲೇ ಶಾವಿ, ಇನಿಯೆಸ್ಟಾ, ಶಾಬಿ ಅಲೊನ್ಸೊ, ಡೇವಿಡ್ ಸಿಲ್ವಾ ಸ್ಪೇನಿನ ಮಿಡ್‌ಫೀಲ್ಡ್‌ನಲ್ಲಿದ್ದರು ಎಂಬುದನ್ನು ನೆನೆದರೆ, ಆ ಸಾಲಿನಲ್ಲಿ 81 ಪಂದ್ಯ ಆಡುವುದು ಎಷ್ಟು ಕಷ್ಟದ ಮಾತು ಎಂಬುದು ತಿಳಿಯುತ್ತದೆ.

ನಾನು ಅವರಿಗೆ ಮನಸೋತದ್ದು ಅವರು ಲಂಡನ್ನಿನ ಆರ್ಸೆನಲ್ ಕ್ಲಬ್ಬಿನಲ್ಲಿದ್ದಾಗ. 2014ರ ಮೇ 17ರ ರಾತ್ರಿ ಊಟದ ತಟ್ಟೆ ಹಿಡಿದು ಟಿವಿಯ ಮುಂದೆ ಕೂತಿದ್ದೆ. ಇಂಗ್ಲೆಂಡಿನ ಕ್ಲಬ್ಬುಗಳ ನಾಕೌಟ್ ಪಂದ್ಯಾವಳಿಯಾದ ಎಫ್‌ಎ ಕಪ್‌ನ ಫೈನಲ್, ಎದುರಾಳಿ ಹಲ್ ಸಿಟಿ. ಆರ್ಸೆನಲ್ ಒಂಬತ್ತು ವರ್ಷಗಳಿಂದ ಒಂದೂ ಟ್ರೋಫಿ ಗೆದ್ದಿರಲಿಲ್ಲ. ಮೊದಲ ಒಂಬತ್ತು ನಿಮಿಷಗಳಲ್ಲೇ ಹಲ್ ಎರಡು ಗೋಲು ಹೊಡೆದಾಗ ಕಲಸಿದ ಅನ್ನ ಹಾಗೆಯೇ ಉಳಿಯಿತು. 17ನೇ ನಿಮಿಷದಲ್ಲಿ ಫ್ರೀ ಕಿಕ್ ಸಿಕ್ಕಿತು. ಗೋಲಿನಿಂದ ಸಾಕಷ್ಟು ದೂರ. ಕಜೋರ್ಲಾ ಬಲಗಾಲಿನಿಂದ ಹೊಡೆದ ಚೆಂಡು ಗೋಡೆಯಂತೆ ನಿಂತಿದ್ದ ಆಟಗಾರರ ತಲೆಯ ಮೇಲೆ ಹಾದು ಗೋಲಿನ ಮೇಲ್ಮೂಲೆಗೆ ನುಗ್ಗಿತು. ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದದ್ದು ಆರನ್ ರಾಮ್ಸಿ, ನಿಜ. ಆದರೆ ಆ ಫ್ರೀ ಕಿಕ್ ಗೋಲಾಗದೇ ಹೋಗಿದ್ದರೆ ಆ ಪಂದ್ಯ ಮತ್ತೆ ತಿರುಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಅದಕ್ಕಿಂತಲೂ ದೊಡ್ಡ ಸಾಧನೆ 2015ರ ಜನವರಿಯಲ್ಲಿ ಕಂಡಿತು. ಮೂವತ್ತು ದಾಟಿದ, ದಾಳಿಯ ಸಾಲಿನಲ್ಲೇ ಬೆಳೆದಿದ್ದ ಈ ಆಟಗಾರನನ್ನು ತರಬೇತುದಾರ ಆರ್ಸೆನ್ ವೆಂಗರ್ ಹಿಂದಕ್ಕೆ ತಂದು, ಫ್ರಾನ್ಸಿಸ್ ಕೊಕ್ಲೆ ಅವರ ಜೊತೆಗೆ ಮೈದಾನದ ನಟ್ಟನಡುವೆ ನಿಲ್ಲಿಸಿದರು. ಮ್ಯಾಂಚೆಸ್ಟರ್ ಸಿಟಿಯ ಮೈದಾನದಲ್ಲಿ ಆರ್ಸೆನಲ್ 2-0ಯಿಂದ ಗೆದ್ದಾಗ ಒಂದು ಗೋಲು ಅವರ ಪೆನಾಲ್ಟಿಯಿಂದ, ಇನ್ನೊಂದು ಅವರ ಫ್ರೀ ಕಿಕ್ಕನ್ನು ಸಹ ಆಟಗಾರ ಜಿರೂ ತಲೆಯಿಂದ ಹೊಡೆದದ್ದರಿಂದ ಬಂತು. ಅಂದು ನನ್ನ ಕಣ್ಣು ನೆಟ್ಟದ್ದು ಮಾತ್ರ ಈ ಎರಡರ ಮೇಲಲ್ಲ. ಇಬ್ಬರು ಮೂವರು ಸುತ್ತುವರಿದಾಗಲೂ ಚೆಂಡನ್ನು ಕಳೆದುಕೊಳ್ಳದೆ ತಿರುಗಿ ಹೊರಬರುತ್ತಿದ್ದ ಅವರ ಶಾಂತತೆಯ ಮೇಲೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಅಧ್ಯಾಯ. 2016ರ ಅಕ್ಟೋಬರ್‌ನಲ್ಲಿ ಬಲ್ಗೇರಿಯಾದ ಲುಡೊಗೊರೆಟ್ಸ್ ಕ್ಲಬ್ ವಿರುದ್ಧ ಆಡಿದ್ದೇ ಆರ್ಸೆನಲ್ ಪರ ಕೊನೆಯ ಪಂದ್ಯ. ಗಾಯಕ್ಕೆ ತಗುಲಿದ ಸೋಂಕು ಹಿಮ್ಮಡಿಯ ಸ್ನಾಯುರಜ್ಜುವಿನ ಎಂಟು ಸೆಂಟಿಮೀಟರಿನಷ್ಟನ್ನು ತಿಂದುಹಾಕಿತ್ತು. ಮಗನ ಜೊತೆ ತೋಟದಲ್ಲಿ ನಡೆದಾಡುವಂತಾದರೆ ಅದೇ ಭಾಗ್ಯ ಎಂದು ವೈದ್ಯರು ಹೇಳಿದ್ದರು. 2018ರ ಆಗಸ್ಟ್‌ನಲ್ಲಿ ವಿಯಾರಿಯಲ್ ಪರ ಮತ್ತೆ ಕಣಕ್ಕಿಳಿದರು. 2019ರ ಜನವರಿ 3ರಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ಎರಡು ಗೋಲು ಹೊಡೆದರು. ಅದರಲ್ಲಿ ಒಂದನ್ನು, ಅಷ್ಟು ಗಿಡ್ಡ ಮನುಷ್ಯ, ತಲೆಯಿಂದ ಹೊಡೆದರು! ಆ ವರ್ಷ ಸ್ಪೇನ್ ತಂಡಕ್ಕೂ ಮರಳಿದರು. ರಾಷ್ಟ್ರೀಯ ತಂಡಕ್ಕೆ ಯಾರನ್ನೂ ಅನುಕಂಪದಿಂದ ಕರೆಯುವುದಿಲ್ಲ.

ಕತಾರಿನ ಅಲ್ ಸದ್ದ್ ಕ್ಲಬ್ಬಿನಲ್ಲಿ ಮೂರು ವರ್ಷ ಕಳೆದು, 2023ರಲ್ಲಿ ಮೂವತ್ತೆಂಟರ ವಯಸ್ಸಿನಲ್ಲಿ ಒವಿಯೆಡೊಗೆ ಮರಳಿದರು. ದುಡ್ಡೇ ಬೇಡ ಎಂದವರಿಗೆ ನಿಯಮ ಅಡ್ಡ ಬಂದದ್ದರಿಂದ ಲೀಗಿನ ಕನಿಷ್ಠ ಸಂಬಳಕ್ಕೆ ಸಹಿ ಹಾಕಿದರು. ತಮ್ಮ ಹೆಸರಿನ ಜೆರ್ಸಿ ಮಾರಾಟದ ಹಣದಲ್ಲಿ ಶೇಕಡ 10 ಕ್ಲಬ್ಬಿನ ಕಿರಿಯರ ತರಬೇತಿಗೆ ಹೋಗಬೇಕೆಂದು ಕೇಳಿಕೊಂಡರು. ಇದನ್ನು ಎಲ್ಲರೂ ತ್ಯಾಗ ಎಂದು ಬರೆದರು. ನನಗೆ ಆ ಪದ ಒಪ್ಪಿಗೆಯಿಲ್ಲ. 2012ರಲ್ಲಿ ಕ್ಲಬ್ ಮುಚ್ಚುವ ಸ್ಥಿತಿ ತಲುಪಿ ತನ್ನ ಷೇರುಗಳನ್ನು ಜನರ ಮುಂದಿಟ್ಟಾಗ, ಅಲ್ಲೇ ಆಟ ಕಲಿತಿದ್ದ ಮಿಚು, ಹುವಾನ್ ಮಾಟಾ ಅವರೊಡನೆ ಕಜೋರ್ಲಾ ಕೂಡ ಷೇರು ಕೊಂಡಿದ್ದರು. ತಮ್ಮ ಮನೆಯ ಸೂರು ಸೋರುವಾಗ ಹೆಂಚು ಹೊದಿಸುವುದನ್ನು ಯಾರೂ ತ್ಯಾಗವೆನ್ನುವುದಿಲ್ಲ.

ಮುಖ್ಯವಾದ ಮಾತೆಂದರೆ, ಅವರು ಅಲ್ಲಿಗೆ ಹೋದದ್ದು ಹಾರ ಹಾಕಿಸಿಕೊಳ್ಳಲು ಅಲ್ಲ. 2024ರಲ್ಲಿ ಎರಡನೇ ವಿಭಾಗದಿಂದ ಮೊದಲ ವಿಭಾಗಕ್ಕೇರುವ ಬಡ್ತಿಯ ಫೈನಲ್‌ನಲ್ಲಿ ಎಸ್ಪಾನ್ಯೋಲ್ ವಿರುದ್ಧ ಸೋತರು. ಮರುವರ್ಷ ಮತ್ತೆ ಬಂದರು. ಸೆಮಿಫೈನಲ್‌ನಲ್ಲಿ ಅಲ್ಮೇರಿಯಾ ವಿರುದ್ಧ ಫ್ರೀ ಕಿಕ್‌ನಿಂದ ಗೋಲು ಹೊಡೆದರು. ಎರಡು ಪಂದ್ಯಗಳ ಗೋಲು ಕೂಡಿಸಿ ಲೆಕ್ಕ ಹಾಕುವ ಫೈನಲ್‌ನ ಮೊದಲ ಪಂದ್ಯದಲ್ಲಿ ಒವಿಯೆಡೊ ಮಿರಾಂಡೆಸ್ ಎದುರು ಒಂದು ಗೋಲಿನಿಂದ ಸೋತಿತ್ತು. 2025ರ ಜೂನ್ 21ರಂದು, ತುಂಬಿದ ಕಾರ್ಲೊಸ್ ಟಾರ್ಟಿಯೆರೆ ಕ್ರೀಡಾಂಗಣದಲ್ಲಿ ಎದುರಾಳಿ ಇನ್ನೂ ಒಂದು ಗೋಲು ಹೊಡೆದಾಗ ಅಂತರ ಎರಡಕ್ಕೇರಿತು. ವಿರಾಮಕ್ಕೆ ಮೊದಲು ಪೆನಾಲ್ಟಿ ಸಿಕ್ಕಿತು. ನಲವತ್ತರ ಕಜೋರ್ಲಾ ಚೆಂಡನ್ನು ತಾವೇ ಇಟ್ಟು, ತಾವೇ ಹೊಡೆದು, ಗೋಲು ಮಾಡಿದರು. ಅಲ್ಲಿಂದ ಚೇತರಿಸಿಕೊಂಡ ತಂಡ ಹೆಚ್ಚುವರಿ ಸಮಯದಲ್ಲಿ 3-1ರಿಂದ ಗೆದ್ದು, 24 ವರ್ಷಗಳ ನಂತರ ಮೊದಲ ವಿಭಾಗವಾದ ಲಾ ಲೀಗಾಕ್ಕೆ ಮರಳಿತು.

ಅಲ್ಲಿಗೆ ಸಾಕೆನ್ನದೆ ಅವರು ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು. ಹದಿನೆಂಟರಲ್ಲಿ ಬಿಟ್ಟುಹೋಗಬೇಕಾಗಿ ಬಂದ ಆ ನೀಲಿ ಜೆರ್ಸಿಯಲ್ಲಿ ಮೊದಲ ವಿಭಾಗದ ಪಂದ್ಯ ಆಡುವುದು ಅವರಿಗೆ ಇನ್ನೂ ಬಾಕಿಯಿತ್ತು.