1.7 ಎಂಬ ಬೇಲಿ

ನಿನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ಪಿಯುಸಿ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಿಡಿದು ಬಂದು, "ಅಕ್ಕೋರೇ, ಇದು ಹೇಗೆ ತಪ್ಪು?" ಎಂದು ಕೇಳಿದಳು. ಹೈಡ್ರೋಜನ್ ಫ್ಲೋರೈಡಿನಲ್ಲಿರುವುದು ಧ್ರುವೀಯ ಸಹವೇಲೆನ್ಸೀಯ ಬಂಧ, ಅಂದರೆ ಎಲೆಕ್ಟ್ರಾನುಗಳನ್ನು ಹಂಚಿಕೊಂಡರೂ ಹಂಚಿಕೆ ಒಂದು ಕಡೆಗೆ ವಾಲಿದ ಬಂಧ ಎಂದು ಅವಳು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ '3.98 − 2.20 = 1.78, ಆದ್ದರಿಂದ ಅಯಾನಿಕ' ಎಂಬ ಷರಾ. ಬಂಧದ ಎಲೆಕ್ಟ್ರಾನುಗಳನ್ನು ಪರಮಾಣು ತನ್ನತ್ತ ಎಳೆದುಕೊಳ್ಳುವ ಬಲವೇ ವಿದ್ಯುದೃಣತೆ, ಫ್ಲೋರಿನ್ನಿಗೆ 3.98, ಹೈಡ್ರೋಜನ್ನಿಗೆ 2.20. ಎರಡರ ವ್ಯತ್ಯಾಸ 1.7 ದಾಟಿದರೆ ಬಂಧ ಅಯಾನಿಕ, ಅಂದರೆ ಒಂದು ಪರಮಾಣು ಎಲೆಕ್ಟ್ರಾನನ್ನು ಇನ್ನೊಂದಕ್ಕೆ ಕೊಟ್ಟೇಬಿಟ್ಟಿದೆ ಎಂಬುದು ತರಗತಿಯಲ್ಲಿ ಬರೆಸುವ ನಿಯಮ. ನಿವೃತ್ತಳಾದ ಮೇಲೆ ಸಿಟ್ಟು ಮಾಡಬಾರದೆಂದು ಮನೆಯವರು ಹೇಳಿದ್ದಾರೆ, ಆದರೂ ಬಂತು.

ಸುಮಾರು 20 ಡಿಗ್ರಿಗೇ ಕುದಿಯುವ, ನಮ್ಮ ಕುಮಟೆಯ ಮಧ್ಯಾಹ್ನದಲ್ಲಿ ಅನಿಲವಾಗಿಯೇ ಇರುವ ವಸ್ತುವನ್ನು, 801 ಡಿಗ್ರಿಗೆ ಕಾಯಿಸಿದರೆ ಮಾತ್ರ ಕರಗಿ ದ್ರವವಾಗುವ ಸಾಣಿಕಟ್ಟಾದ ಉಪ್ಪಿನ ಪಂಕ್ತಿಯಲ್ಲಿ ಕೂರಿಸುವುದೆಂದರೆ ಏನು ಹೇಳೋಣ? ಸಿಲಿಕಾನ್ ಟೆಟ್ರಾಫ್ಲೋರೈಡಿನಲ್ಲಿ ವಿದ್ಯುದೃಣತೆಯ ವ್ಯತ್ಯಾಸ 2.08, ಅದೂ ಅನಿಲವೇ. ಸೋಡಿಯಂ ಹೈಡ್ರೈಡಿನಲ್ಲಿ ಬರೀ 1.27, ಅದು ಮಾತ್ರ ಅಪ್ಪಟ ಅಯಾನಿಕ ಘನವಸ್ತು. ಕಳೆಯುವ ಲೆಕ್ಕ ಸರಿಯಿದ್ದರೆ ರಸಾಯನಶಾಸ್ತ್ರವೂ ಸರಿ ಎಂದು ನಂಬಿದವರಿಗೆ ಇವೆಲ್ಲ ಕಾಣುವುದಿಲ್ಲ.

1932ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ ಬಂಧಶಕ್ತಿಗಳಿಂದ ವಿದ್ಯುದೃಣತೆಯ ಈ ಅಳತೆಯನ್ನು ಕಟ್ಟಿದ. ಅವನ ಸೂತ್ರದ ಪ್ರಕಾರ 1.7 ಎಂದರೆ ಬಂಧದ ಅಯಾನಿಕ ಗುಣ ಸುಮಾರು ಶೇ. 50ಕ್ಕೆ ತಲುಪುವ ಜಾಗ, ಅಷ್ಟೆ. ಅಲ್ಲಿ ಬೇಲಿ ಹಾಕುವುದು, ಅಘನಾಶಿನಿಯ ಅಳಿವೆಯಲ್ಲಿ ಸಿಹಿನೀರು ಇಲ್ಲಿಗೆ ಮುಗಿಯಿತು, ಉಪ್ಪುನೀರು ಇಲ್ಲಿಂದ ಶುರು ಎಂದು ಗೂಟ ಹೊಡೆದಂತೆ.

ಮಕ್ಕಳಿಗೆ ಮೊದಲು ಒಂದು ಸರಳ ನಿಯಮ ಬೇಕಲ್ಲವೇ ಎಂದು ಕೆಲವರು ಕೇಳುತ್ತೀರಿ. ಬೇಕು, ಕೊಡಿ. ಆದರೆ ವಸ್ತುವನ್ನೇ ನೋಡಿ ಉತ್ತರಿಸಿದವಳ ಅಂಕವನ್ನು ಆ ನಿಯಮದ ಹೆಸರಿನಲ್ಲಿ ಕಳೆದರೆ, ಸರಳವಾದದ್ದು ಮಕ್ಕಳ ಕಲಿಕೆಯಲ್ಲ, ಮೌಲ್ಯಮಾಪಕರ ಕೆಲಸ.

ಇಷ್ಟು ಕೂಗಾಡುವ ನಾನೂ ಮೊದಲ ಹತ್ತು ವರ್ಷ ಇದೇ ಸಾಲನ್ನು ಬರೆಸಿದವಳೇ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಎರಡು ಕ್ಲೋರಿನ್‌ಗಳ ನಡುವೆಯೂ ವ್ಯತ್ಯಾಸ ಸೊನ್ನೆ, ಎರಡು ಸೋಡಿಯಂಗಳ ನಡುವೆಯೂ ಸೊನ್ನೆ, ಹಾಗಿದ್ದರೆ ಒಂದು ಅನಿಲ, ಇನ್ನೊಂದು ಲೋಹ ಏಕೆ ಎಂದು ಕೇಳಿದ್ದ. ವ್ಯತ್ಯಾಸವೊಂದೇ ಸಾಲದು, 3.16ರ ಕ್ಲೋರಿನ್‌ಗಳು ಎಲೆಕ್ಟ್ರಾನುಗಳನ್ನು ತಮ್ಮಿಬ್ಬರ ನಡುವೆಯೇ ಬಿಗಿಯಾಗಿ ಹಿಡಿಯುತ್ತವೆ, 0.93ರ ಸೋಡಿಯಂಗಳು ಸಡಿಲವಾಗಿ ಇಡೀ ಗುಂಪಿಗೇ ಬಿಟ್ಟುಕೊಡುತ್ತವೆ ಎಂದು ಅವನಿಗೆ ಹೇಳಬೇಕಿತ್ತು. ನಾನು ಹೇಳಿದ್ದು, "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ."

ಕೂತ. ಮುಂದೆ ಬಿ.ಕಾಂ. ಸೇರಿದನೆಂದು ಕೇಳಿದೆ.