ಬನ್ನೇರುಘಟ್ಟ ಕಾಡಿನಂಚಿನಲ್ಲಿ ಲೇಔಟ್ ತಡೆಯಬೇಕೇ?

ಪರ: ಆನೆ ದಾರಿಗೆ ಗೋಡೆ ಬೇಡ

ನಮ್ಮ ತಾತನ ಹೊಲ ಆನೇಕಲ್ ಕಡೆ, ಕಾಡಿಗೆ ಅಂಟಿಕೊಂಡೇ ಇತ್ತು. ರಾಗಿ ತೆನೆ ಬಲಿಯುವ ಹೊತ್ತಿಗೆ ತಾತ ಅಟ್ಟಣೆ ಮೇಲೆ ಮಲಗುತ್ತಿದ್ದರು. ಆನೆ ಬಂದರೆ ತಮಟೆ ಬಡಿಯುತ್ತಿದ್ದರು. ಒಂದಿಷ್ಟು ತಿಂದು, ಒಂದಿಷ್ಟು ತುಳಿದು, ಅವು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿದ್ದವು. ಆ ದಾರಿ ಊರಿಗೆಲ್ಲ ಗೊತ್ತಿತ್ತು.

ಈಗ ಅದಕ್ಕೆ ಅಡ್ಡಲಾಗಿ ಒಂದು ಲೇಔಟಿನ ಕಾಂಪೌಂಡ್ ಎದ್ದಿದೆ. ಹೋದ ಸುಗ್ಗಿಯಲ್ಲಿ ಬೆಳಗ್ಗೆಯೇ ಹೋಗಿ ನೋಡಿದೆ. ಇಬ್ಬನಿಗೆ ನೆನೆದ ಮಣ್ಣಿನಲ್ಲಿ ಊಟದ ತಟ್ಟೆಯಗಲದ ಹೆಜ್ಜೆಗಳು. ಗೋಡೆವರೆಗೂ ನೇರ ಬಂದಿವೆ. ಅಲ್ಲೇ ಸುತ್ತಾಡಿ ನೆಲವನ್ನೆಲ್ಲ ತುಳಿದಿವೆ. ಪಕ್ಕದಲ್ಲಿ ಚಿಕ್ಕ ಹೆಜ್ಜೆಗಳೂ ಇದ್ದವು, ಮರಿಯವು. ಆಮೇಲೆ ಗೋಡೆಗುಂಟ ನಡೆದು, ಎಂದೂ ಆನೆ ನುಗ್ಗದ ಮೂರು ಮನೆಯವರ ರಾಗಿಗೆ ನುಗ್ಗಿವೆ. ಗೋಡೆ ಕಟ್ಟಿದವರಿಗೆ ಒಂದು ತೆನೆಯೂ ನಷ್ಟವಿಲ್ಲ.

ಬನ್ನೇರುಘಟ್ಟ ಅಂದರೆ ಬರೀ ಜೂ, ಸಫಾರಿ ಅಲ್ಲ. 260 ಚದರ ಕಿ.ಮೀ. ದಾಟಿದ ರಾಷ್ಟ್ರೀಯ ಉದ್ಯಾನ ಅದು. ಅಲ್ಲಿಂದ ಕಾವೇರಿ ವನ್ಯಧಾಮದವರೆಗೂ ಆನೆಗಳು ಓಡಾಡುತ್ತವೆ. ಉದ್ಯಾನದ ಸುತ್ತ ಕಟ್ಟಡಗಳಿಗೆ ಕಡಿವಾಣ ಹಾಕುವ ಪಟ್ಟಿಗೆ ಪರಿಸರ ಸೂಕ್ಷ್ಮ ವಲಯ ಎನ್ನುತ್ತಾರೆ. ಕೇಂದ್ರ ಸರ್ಕಾರದ 2016ರ ಕರಡು ಆದೇಶದಲ್ಲಿ ಸುಮಾರು 269 ಚದರ ಕಿ.ಮೀ. ಇದ್ದ ಆ ವಲಯ, 2020ರ ಅಂತಿಮ ಆದೇಶದಲ್ಲಿ ಸುಮಾರು 169ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಹೋಯಿತು! ಆನೆಗಳಿಗೆ ಅದು ಗೊತ್ತಾಗುವುದು ಹೇಗೆ? ಅವು ಹಳೇ ದಾರಿಯಲ್ಲೇ ಬರುತ್ತಿವೆ.

ಜನಕ್ಕೆ ಮನೆ ಬೇಡವೇ ಎನ್ನುತ್ತಾರೆ. ಅಲ್ಲಿ ಏಳುತ್ತಿರುವುದು ಮನೆಯಿಲ್ಲದವರ ಮನೆಯಲ್ಲ. ಶನಿವಾರ ಬಂದು ಸೋಮವಾರ ಹೋಗುವವರ ವಿಲ್ಲಾ. ಅದಕ್ಕೋಸ್ಕರ ಆನೆ ದಾರಿ ಮುಚ್ಚಬಾರದು, ಅಷ್ಟೇ.

ವಿರೋಧ: ನಮಗೂ ಒಂದು ಸೂರು ಬೇಕು

ಈ ಕಡೆಯಿಂದ ಬರೆಯಿರಿ ಎಂದರು, ಒಪ್ಪಿಕೊಂಡೆ. ಕಾಡಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಕಾನೂನು ಒಂದು ಗೆರೆ ಹಾಕಿದೆ ಅಲ್ವಾ? ಗೆರೆಯ ಆಚೆಗೂ ಬೇಡ ಎಂದರೆ ಒಂದೂವರೆ ಎಕರೆ ಇರುವ ರೈತರು ಏನು ಮಾಡಬೇಕು? ಆನೆ ಕಾಟಕ್ಕೆ ಬೆಳೆ ಕೈಗೆ ಸಿಗುವುದಿಲ್ಲ. ಮಾರೋಣ ಎಂದರೆ ಅದಕ್ಕೂ ಅಡ್ಡಿ.

ಹನ್ನೊಂದು ವರ್ಷದಲ್ಲಿ ನಾನು ಆರು ಬಾಡಿಗೆ ಮನೆ ಬದಲಿಸಿದ್ದೇನೆ. ಪ್ರತಿ ಸಲವೂ ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಬೆಂಗಳೂರಿನೊಳಗೆ ಸೈಟು ತೆಗೆದುಕೊಳ್ಳಲು ಆಗಲೇ ಇಲ್ಲ. ಜಿಗಣಿ ಆಚೆ ಒಂದು 30-40 ಸೈಟು ನೋಡಿ ಬಂದ ರಾತ್ರಿ, ನನ್ನ ಹೆಂಡತಿ ಕರೆಂಟ್ ಬಿಲ್ಲಿನ ಹಿಂದೆ ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಎಂದು ಗೀಚಿದಳು. ಆ ಬಿಲ್ಲು ಇನ್ನೂ ಬೀರುವಿನಲ್ಲಿದೆ. ದಯವಿಟ್ಟು ನಮ್ಮನ್ನು ವಿಲ್ಲಾದವರ ಸಾಲಿಗೆ ಸೇರಿಸಬೇಡಿ.

ಆನೆ ದಾರಿಯಲ್ಲೇ ಕಟ್ಟಬೇಕು ಎಂದು ನಾನೂ ಹೇಳುವುದಿಲ್ಲ. ಆ ದಾರಿ ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ಸರ್ವೆ ನಂಬರ್ ಸಮೇತ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ. ಸೈಟು ನೋಡಲು ಹೋದವರು ಮೊದಲು ಅದನ್ನು ಓದಿಕೊಳ್ಳುತ್ತೇವೆ.